ಮೈಯಿಲ್ಲದ ಮೋಟಾರು

ನನ್ನ ಗಂಡ ಸಾಯಬೇಕೆಂದು ಬಾವಿಯ ಕಡೆಗೆ ತೆವಳಿದ ದಿನವೇ ನಾನು ಆ ಹಾಳು ಮೋಟಾರನ್ನು ಕೇಳಲು ಹೋದದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಮ್ಮಾರರ ಮಗಳಿಗೆ ಮೋಟಾರಿನ ಹುಚ್ಚು ಹಿಡಿದಿದೆ ಎಂದು ಆಮೇಲೆ ಜನ ಆಡಿಕೊಂಡರು. ಹುಚ್ಚು ಹಿಡಿದಿದ್ದರೆ ಅವರಿಗೆ ಹಿಡಿದಿರಬೇಕು. ನನಗೆ ಗಂಡ ಉಳಿಯಬೇಕಾಗಿತ್ತು, ಅಷ್ಟೇ.

ನಿಜಾಮರ ಆಳ್ವಿಕೆಯ ಕಾಲ. ಶಹಾಬಾದದಲ್ಲಿ ನಮ್ಮ ಮನೆಯವರು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯ ಮಾಲಕರ ಮೋಟಾರು ನಡೆಸುತ್ತಿದ್ದರು. ಊರಿನಲ್ಲಿ ಮೋಟಾರುಗಳು ಬೆರಳೆಣಿಕೆಯಷ್ಟು. ಅದನ್ನು ನಡೆಸುವವನ ಗತ್ತು ತಹಸೀಲ್ದಾರನಿಗೂ ಇರುತ್ತಿರಲಿಲ್ಲ. ಖಾಕಿ ಅಂಗಿ ತೊಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಭೋಂ ಎಂದು ಹಾರನ್ ಒತ್ತುತ್ತ ಓಣಿಗೆ ಬಂದರೆ ನಾನೇ ಬಾಗಿಲ ಸಂದಿಯಿಂದ ಇಣುಕಿ ನೋಡುತ್ತಿದ್ದೆ. ನನ್ನದೇ ಗಂಡನನ್ನು! ನಗಬೇಡಿ, ಹೊಸದಾಗಿ ಮದುವೆಯಾದವಳು ನಾನು.

ಒಂದು ದಿನ ಖಣಿಯಲ್ಲಿ ನಿಲ್ಲಿಸಿಟ್ಟಿದ್ದ ಫರಸಿಯ ಸಾಲು ಜಾರಿ ಅವರ ಮೇಲೆ ಬಿತ್ತು. ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಎರಡೂ ಕಾಲು ಕತ್ತರಿಸಿದರು. ಗಾಯ ಮಾಯಿತು. ಮನುಷ್ಯ ಮಾಯಲಿಲ್ಲ. ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಸಂಜೆಯವರೆಗೆ ಅದೇ ಗೋಡೆ. ಬಾಯಿ ತೆರೆದರೆ ಒಂದೇ ಪಾಠ, "ದೇವರು ನನ್ನನ್ಯಾಕ ಉಳಿಸಿದ?" ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿರಲಿಲ್ಲವೇ?

ಅಂದು ನಾನು ಹಿತ್ತಲಲ್ಲಿ ಒಣಗಿದ ಸೆಗಣಿಯ ಕುಳ್ಳು ಒಟ್ಟುತ್ತಿದ್ದೆ. ತಿರುಗಿ ನೋಡಿದರೆ ಅಂಗೈ ಊರಿಕೊಂಡು ಬಾವಿಯ ಕಟ್ಟೆಯ ತನಕ ಹೋಗಿಬಿಟ್ಟಿದ್ದಾರೆ. ಓಡಿಹೋಗಿ ಧೋತರ ಹಿಡಿದು ಜಗ್ಗಿದೆ.

"ಬಿಡು! ಮೋಟಾರ ನಡಸಾಂವ ಇದ್ದೆ. ಈಗ ಯಾವನಿಗೆ ಬೇಕಾಗೀನಿ?"

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಮೋಟಾರ ತಂದು ಕೊಟ್ರ ಸಾಯೋದು ಬಿಡ್ತೀರೇನ್ರಿ?"

"ಹುಚ್ಚಿ, ಕಾಲಿಲ್ಲದಾಂವ ಬ್ರೇಕ್ ಹ್ಯಾಂಗ ಒತ್ತಬೇಕು?"

"ಕೈ ಅವಲ್ಲ!"

ಅವರು ತಮ್ಮ ಕೈ ನೋಡಿಕೊಂಡರು. ನಾನು ಹೇಳಿದ್ದು ಸುಮ್ಮನೆ ಬಾಯಿಗೆ ಬಂದದ್ದು. ಆದರೆ ಎಷ್ಟೋ ತಿಂಗಳ ಮೇಲೆ ಆ ಕಣ್ಣು ಏನನ್ನೋ ಲೆಕ್ಕ ಹಾಕಿದ್ದನ್ನು ನಾನು ಕಂಡೆ. ಅಷ್ಟು ಸಾಕಾಯಿತು. ನೆರೆಮನೆಯ ಮುದುಕಿಯನ್ನು ಅವರ ಬಳಿ ಕೂರಿಸಿ ನೆಟ್ಟಗೆ ಮಾಲಕರ ಮನೆಗೆ ನಡೆದೆ.

ಖಣಿಯ ಹಿಂದೆ ಅವರ ಹಳೆಯ ಮೋಟಾರೊಂದು ಬಿದ್ದಿತ್ತು. ಕೋಳಿಗಳು ಅದರಲ್ಲಿ ಮೊಟ್ಟೆ ಇಡುತ್ತಿದ್ದವು. ಮಾಲಕರು ನನ್ನ ಮುಖ ನೋಡಲಾರದೆ, "ಒಯ್ಯವ್ವ, ಅದರಾಗ ಏನದ" ಎಂದರು. ನನ್ನ ಅಪ್ಪನ ಕುಲುಮೆ ಇದ್ದದ್ದು ಗುಂಡಗುರ್ತಿಯಲ್ಲಿ. ನಮ್ಮವರ ಹೊರಸನ್ನೂ ಅದರ ಮೇಲೇ ಹೇರಿ, ಎರಡು ಎತ್ತು ಹೂಡಿ ಅಲ್ಲಿಗೆ ಎಳೆಸಿದೆವು. ದಾರಿಯುದ್ದಕ್ಕೂ ಜನ ನಕ್ಕರು. ಸ್ಟೇರಿಂಗ್ ಹಿಡಿದು ಕುಳಿತ ನಮ್ಮವರು ತಲೆಗೆ ಸುತ್ತಿದ ವಸ್ತ್ರವನ್ನು ಕಣ್ಣಿನ ತನಕ ಇಳಿಸಿಕೊಂಡರು. ಆ ದಾರಿಯಲ್ಲಿ ಭೂಮಿ ಬಾಯಿ ತೆರೆದಿದ್ದರೆ ಇಬ್ಬರೂ ಇಳಿದುಬಿಡುತ್ತಿದ್ದೆವು.

ಅಪ್ಪ ಮೋಟಾರಿನ ಸುತ್ತ ಒಂದು ಸುತ್ತು ಬಂದ. "ಯವ್ವಾ, ನಾ ಹೊಲದ ಕುಂಟಿ, ನೇಗಿಲ ಕುಡ, ಕುಡಗೋಲು ಮಾಡಾಂವ. ಇದೇನು ತಂದಿ?"

"ಅಳಿಯನ ಜೀವ ತಂದೀನಿ. ಮಾಡ್ತಿಯೋ ಇಲ್ಲೋ ಹೇಳು."

ಅಪ್ಪ ಮತ್ತೇನೂ ಕೇಳದೆ ಇದ್ದಿಲು ಸುರಿದ.

ತುಕ್ಕು ತಿಂದ ತಗಡನ್ನೆಲ್ಲ ಕಿತ್ತೆಸೆದೆವು. ಬಾಗಿಲಿಲ್ಲ, ಮೇಲೆ ಛತ್ತಿಲ್ಲ. ಉಳಿದದ್ದು ಎಲುಬು, ಎಂಜಿನ್ನು, ಗಾಲಿ. ಟ್ಯೂಬು ಇರಲಿಲ್ಲ, ಟೈರಿನೊಳಗೆ ಹುಲ್ಲು ತುರುಕಿದೆವು. ತುಪ್ಪದ ಡಬ್ಬಿಯೇ ಪೆಟ್ರೋಲಿನ ಟಾಕಿಯಾಯಿತು. ಕೂರಲು ಏನು ಮಾಡುವುದು ಎಂದಾಗ ನಮ್ಮವರು ತಾವು ಮಲಗುತ್ತಿದ್ದ ಹೊರಸನ್ನೇ ತೋರಿಸಿ, "ಅದನ್ನ ಕೊಯ್ರಿ" ಎಂದರು. ಅಪ್ಪ ಗರಗಸ ಹಾಕುವಾಗ ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಎಂಜಿನ್ನಿನ ಕೆಲಸವನ್ನು ಅವರೇ ನೆಲದಲ್ಲಿ ಹೊರಳಾಡಿ ಮಾಡಿದರು. ಒಮ್ಮೊಮ್ಮೆ ಒಂದು ನಟ್ಟು ಬಿಚ್ಚಲು ಬರದೆ ಹೋದರೆ ಅದನ್ನು ತಿರುಗಿಸುವ ಪಾನಾ ಎಸೆದು, "ಇದೆಲ್ಲ ಯಾರ ಸಲುವಾಗಿ? ನನ್ನ ಬಾವಿ ನನಗ ಬಿಡ್ರಿ" ಎಂದು ಕೂಗುತ್ತಿದ್ದರು. ಪಾನಾ ಹುಡುಕಿ ಮತ್ತೆ ಕೈಗೆ ಕೊಡುವುದು ನನ್ನ ಕೆಲಸ.

ಕ್ಲಚ್ಚಿಗೊಂದು, ಬ್ರೇಕಿಗೊಂದು ಉದ್ದನೆಯ ಹಿಡಿ ಬೇಕಾಗಿತ್ತು. ಮೋಟಾರಿನ ಅಡಿಯಲ್ಲಿ ಭಾರಕ್ಕೆ ಬಾಗಿ ಏಳುವ ಉಕ್ಕಿನ ಕಮಾನಿನಿಂದಲೇ ಎರಡು ಪಟ್ಟಿ ಬಿಚ್ಚಿ ಕಾಯಿಸಿದೆವು. ಕಮ್ಮಾರರ ಮನೆಯಲ್ಲಿ ದೊಡ್ಡ ಸುತ್ತಿಗೆ ಹೊಡೆಯುವುದು ಹೆಂಗಸರೇ. ಅಪ್ಪ ಸಣ್ಣ ಸುತ್ತಿಗೆಯಿಂದ ಎಲ್ಲಿ ಮುಟ್ಟುತ್ತಾನೋ ಅಲ್ಲಿ ನನ್ನ ಏಟು ಬೀಳಬೇಕು. ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿಗೆ ಅವನು ಟಿಣ್ ಎನಿಸಿದರೆ ನಿಲ್ಲಿಸಬೇಕು. ಬಾಯಿಮಾತಿಲ್ಲ. ಬೆವರು ಕಣ್ಣಿಗೆ ಇಳಿದರೂ ನಾನು ಏಟು ತಪ್ಪಿಸಲಿಲ್ಲ. ನಮ್ಮವರು ಅದನ್ನೇ ನೋಡುತ್ತಿದ್ದು, "ಬ್ರೇಕಿನ ಹಿಡಿ ಇಕಿ ಕೈಯಾಗ ಇರ್ಲಿ, ಮಾಮಾ. ನನ್ನ ಕೈಗೆ ಉಳಿದದ್ದೇ ಭಾಳ ಆಗ್ತದ. ನಾ ಟಿಣ್ ಅನಸ್ತೀನಿ, ಇಕಿ ಜಗ್ಗಲಿ" ಎಂದರು.

ಕೆಂಪಗಿದ್ದ ಹಿಡಿಗಳನ್ನು ಅಪ್ಪ ಇಕ್ಕಳದಲ್ಲಿ ಎತ್ತಿ ನೀರಿನ ದೋಣಿಯಲ್ಲಿ ಅದ್ದಿದ. ಚುಂಯ್ ಎಂದು ಹಬೆ ಎದ್ದಿತು.

"ಇದಕ್ಕೂ ನೀರು ಯಾಕ, ಮಾಮಾ?"

"ನೀರು ಕುಡಿಸದ ಒಂದು ಕುಡಗೋಲರ ಈ ಕುಲುಮಿಯಿಂದ ಹೊರಗ ಹೋಗೇದೇನ್ರಿ, ಅಳಿಯಂದ್ರೆ? ಗಟ್ಟಿ ಆಗಬೇಕಲ್ಲ!"

ಅಪ್ಪನ ಮಾತು ನಮಗೆ ಸರಿಯೆನಿಸಿತು. ಜೀವಮಾನವೆಲ್ಲ ಅಂಚು ಹರಿತವಾಗುವ ಸಾಮಾನು ಮಾಡಿದವನಿಗೆ, ಜಗ್ಗಿದಾಗ ಬಾಗಬೇಕಾದ ಉಕ್ಕಿಗೆ ನೀರು ವಿಷವೆಂದು ಹೇಗೆ ತಿಳಿಯಬೇಕು?

ಮಳೆ ಬಿಟ್ಟು ಹೊಳವಾದ ಬೆಳಿಗ್ಗೆ ಅಪ್ಪ ಹ್ಯಾಂಡಲ್ ತಿರುಗಿಸಿದ. ಮೋಟಾರು ಕೆಮ್ಮಿತು, ಉಗುಳಿತು, ಆಮೇಲೆ ಗುಡುಗಿತು. ಊರಿನ ನಾಯಿಗಳೆಲ್ಲ ಓಟ ಕಿತ್ತವು. ಬಲಗೈಯಲ್ಲಿ ಕ್ಲಚ್ಚಿನ ಹಿಡಿ, ಎಡಗೈಯಲ್ಲಿ ಗೇರು, ನಡುವೆ ಸ್ಟೇರಿಂಗ್, ಅದರ ಬುಡದಲ್ಲೇ ಪೆಟ್ರೋಲು ಬಿಡುವ ಕಡ್ಡಿ. ಆ ಮನುಷ್ಯನಿಗೆ ಇನ್ನೂ ಎರಡು ಕೈ ಬೇಕಾಗಿತ್ತು. ಆದರೂ ಗಾಡಿ ಹೊರಟಿತು! ಪಾನಾದಿಂದ ಸ್ಟೇರಿಂಗಿನ ಬಳೆಗೆ ಟಿಣ್ ಎನಿಸಿದರು, ನಾನು ಜಗ್ಗಿದೆ, ನಿಂತಿತು. ಮತ್ತೆ ಹೊರಟೆವು. ಗಾಳಿಗೆ ನನ್ನ ಸೆರಗು ಹಾರಿ ಅವರ ಮುಖಕ್ಕೆ ಬಡಿಯುತ್ತಿತ್ತು. ಅವರು ನಕ್ಕರು. ಆಣೆ ಮಾಡಿ ಹೇಳುತ್ತೇನೆ, ನಕ್ಕರು.

ಆಗಲೇ ಹಳ್ಳದ ಇಳಿಜಾರು ಬಂತು. ಮಳೆಯ ನೀರಿಗೆ ಹಳ್ಳ ತುಂಬಿತ್ತು. ಅವರು ಟಿಣ್ ಎನಿಸಿದರು. ನಾನು ಮೈಯ ಭಾರವೆಲ್ಲ ಹಾಕಿ ಜಗ್ಗಿದೆ. ಹಿಡಿ ಗಾಜಿನ ಬಳೆಯ ಹಾಗೆ ಟಕ್ಕೆಂದು ಮುರಿದು ತುಂಡು ನನ್ನ ಕೈಗೇ ಬಂತು. ಟಿಣ್, ಟಿಣ್, ಟಿಣ್ ಎಂದು ಅವರು ಬಡಿಯುತ್ತಲೇ ಇದ್ದಾರೆ. ನಾನು ತುಂಡನ್ನು ಎತ್ತಿ ತೋರಿಸಿದೆ.

ಅವರ ಮುಖ ಬೂದಿಯಾಯಿತು. ಗಾಡಿ ಕುಣಿಯುತ್ತ ಇಳಿಯುತ್ತಿತ್ತು. ಊರಿಕೊಳ್ಳಲು ಕಾಲಿಲ್ಲದ ಮೈ, ಹೊರಸಿನ ಮೇಲಿಂದ ಪುಟಿದು ಪುಟಿದು ಬೀಳುತ್ತಿತ್ತು.

"ಯವ್ವಾ! ಹಿಡ್ಕೊಳ್ಳೇ, ನನ್ನ ಹಿಡ್ಕೋ! ಸಾಯ್ತೀನಿ! ಬಿಡಬ್ಯಾಡೇ!"

ತುಂಡು ಎಸೆದು ಎರಡೂ ತೋಳಿನಿಂದ ಅವರ ನಡು ತಬ್ಬಿದೆ. ಅವರು ಅರಚುತ್ತಲೇ, ಇದ್ದ ಬಲವೆಲ್ಲ ಹಾಕಿ ಸ್ಟೇರಿಂಗನ್ನು ಎಡಕ್ಕೆ ಹೊರಳಿಸಿದರು. ಗಾಡಿ ಬದು ಹಾರಿ ತೊಗರಿ ಹೊಲಕ್ಕೆ ನುಗ್ಗಿತು. ಗಿಡಗಳು ಪಟಪಟ ಮುರಿದವು. ಹಸಿ ಎರೆಮಣ್ಣು ಗಾಲಿಗಳನ್ನು ಅರ್ಧದವರೆಗೆ ನುಂಗಿದಾಗ ಎಂಜಿನ್ನು ಒಮ್ಮೆ ಬಿಕ್ಕಿ ಆರಿಹೋಯಿತು.

ಇಬ್ಬರೂ ಬದುಕಿದ್ದೆವು. ಅವರ ಹತ್ತೂ ಬೆರಳು ನನ್ನ ತೋಳಿನಲ್ಲಿ ನಾಟಿದ್ದವು. ನನಗೆ ಎಲ್ಲಿತ್ತೋ ಸಿಟ್ಟು, ಒದರಿಬಿಟ್ಟೆ.

"ಸಾಯ್ತೀನಿ ಸಾಯ್ತೀನಿ ಅಂತ ನನ್ನ ಜೀವ ಹಿಂಡಿದ್ರಿ. ಹಳ್ಳ ಎದುರಿಗೇ ಇತ್ತಲ್ಲ, ಬಾವಿಕಿಂತ ಛಲೋ ಇತ್ತಲ್ಲ! ಈಗ ಯಾಕ ಚೀರಿದ್ರಿ?"

ಅವರು ನನ್ನ ತೋಳು ಬಿಡದೆ ಹಳ್ಳದ ಕಡೆ ನೋಡಿದರು.

"ಅಂಜಿಕಿ ಆಯ್ತು."

"ಯಾತರ ಅಂಜಿಕಿ?"

"ಸಾಯೋದರದು," ಎಂದರು. "ಸತ್ತುಬಿಡ್ತೀನಿ ಅಂತ ಭಾಳ ಅಂಜಿಕಿ ಆಯ್ತು ನೋಡು."

ಅವರ ಕಾಲು ಕತ್ತರಿಸಿದ ದಿನವೂ ನಾನು ಅತ್ತಿರಲಿಲ್ಲ. ಆ ಕೆಸರಿನಲ್ಲಿ ಅವರ ಎದೆಗೆ ಹಣೆ ಒತ್ತಿ ಕುಳಿತು, ತೊಗರಿಯ ಒಡೆಯ ಬೈಯುತ್ತ ಓಡಿಬಂದು ನಮ್ಮೆದುರು ನಿಂತು ಕೈಯ ಕೋಲು ಕೆಳಗಿಡುವ ತನಕ, ಬಾಯಿಬಿಟ್ಟು ಅತ್ತೆ.