ಧ್ವಜದ ಪಕ್ಕ ತೆಗೆಸಿದ ಫೋಟೊ

ಸ್ವಾತಂತ್ರ್ಯಕ್ಕೆ ಎಪ್ಪತ್ತೈದು ತುಂಬುವ ವರ್ಷ, ಲಕ್ಕವಳ್ಳಿ ಡ್ಯಾಮಿನ ಕ್ವಾರ್ಟರ್ಸ್‌ನವರೆಲ್ಲ ಸೇರಿ ಬೇಸಿಗೆ ರಜೆಯಲ್ಲೇ ಹಬ್ಬ ಮಾಡಿದೆವು. ಮಕ್ಕಳಿಗೆ ಓಟದ ಸ್ಪರ್ಧೆ, ಎಲ್ಲರಿಗೂ ಬಿಸಿಬೇಳೆಬಾತ್, ಕೊನೆಗೆ ಧ್ವಜದ ಪಕ್ಕ ಮನೆಗೊಂದು ಫೋಟೊ. ಹಿಂದಿನ ಮಳೆಗಾಲದಲ್ಲಿ ನನ್ನ ಹೆಂಡತಿ ತೀರಿಕೊಂಡಿದ್ದಳು. ನಮಗೆ ಮಕ್ಕಳಿರಲಿಲ್ಲ.

ನನ್ನ ಸರದಿ ಬಂದಾಗ, ತರೀಕೆರೆಯಿಂದ ಬಂದಿದ್ದ ಫೋಟೊಗ್ರಾಫರ್ ಕ್ಯಾಮೆರಾ ಇಳಿಸಿ, "ಮನೆಯವ್ರೂ ಬರ್ಲಿ ಸಾರ್, ಕಾಯ್ತೀನಿ" ಅಂದ.

"ನಾನೊಬ್ನೇ ಕಣಪ್ಪಾ, ತೆಗಿ" ಅಂದೆ.

ಪಕ್ಕದ ಮನೆಯಾಕೆ, "ಭಾಯ್‌ಸಾಬ್, ನಮ್ ಜತೇಲೇ ನಿಂತ್ಕೊಳ್ಳಿ ಬನ್ನಿ" ಎಂದು ಕರೆದರು. ಬೇಡವೆಂದು ತಲೆಯಾಡಿಸಿದೆ.

ವಾರ ಕಳೆದು ಫೋಟೊ ಕೈಗೆ ಬಂತು. ಎಡಗಡೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಿದ್ದೇನೆ. ಹಾಗೆ ನಿಂತದ್ದು ನನಗೇ ಗೊತ್ತಾಗಿರಲಿಲ್ಲ.