ಒದ್ದೆ ಫಿಲ್ಟರ್ ಪೇಪರ್

ಪರೇಲ್‌ನ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಅಟೆಂಡರ್ ಆಗಿದ್ದೆ. ಓದಿದ್ದು ಮೆಟ್ರಿಕ್‌ವರೆಗೆ. ಆದರೆ ಫಿಲ್ಟರ್ ಪೇಪರನ್ನು ಮಡಚಿ ಫನಲ್‌ನಲ್ಲಿಟ್ಟು, ನೀರು ಚಿಮುಕಿಸಿ ಗಾಜಿಗೆ ಅಂಟಿಸುವುದರಲ್ಲಿ ನನ್ನಷ್ಟು ಚೊಕ್ಕ ಕೈ ಯಾರದೂ ಇಲ್ಲವೆಂಬ ಜಂಬವಿತ್ತು.

ಇದ್ದಿಲಿನ ಪ್ರಯೋಗಕ್ಕೆ ಮಾತ್ರ ಆ ನೀರು ಬೇಡ. ಆಸಿಡ್‌ಗೆ ಇದ್ದಿಲ ಪುಡಿ ಹಾಕಿ, ಕುಲುಕಿ, ಸೋಸಿ, ಇದ್ದಿಲು ಎಷ್ಟು ಆಸಿಡ್ ಹಿಡಿದುಕೊಂಡಿತೆಂದು ನೋಡಬೇಕು. ಕಾಗದ ಒದ್ದೆಯಿದ್ದರೆ ಸೋಸಿದ್ದು ತೆಳುವಾಗಿ, ಇದ್ದಿಲು ಹಿಡಿಯದ್ದನ್ನೂ ಹಿಡಿದಂತೆ ಕಾಣುತ್ತದೆ. ಒಣ ಕಾಗದವೂ ಒಂದಿಷ್ಟು ಆಸಿಡ್ ಕುಡಿಯುತ್ತದೆ. ಅದಕ್ಕೇ ಮೊದಲು ಇಳಿದದ್ದನ್ನು ಚೆಲ್ಲಬೇಕು. ಲ್ಯಾಬ್ ನಡೆಸುವ ಮೇಡಂ ಇದನ್ನು ಪ್ರತಿ ವರ್ಷ ಹೇಳುತ್ತಿದ್ದರು. ಕೇಳಿ ಕೇಳಿ ನನಗೆ ರೇಜಿಗೆ ಹಿಡಿದಿತ್ತು. ಒಂದು ತುಂಡು ಕಾಗದಕ್ಕೆ ಎಷ್ಟು ಮಡಿ!

ಆ ಪ್ರಯೋಗದ ಪರೀಕ್ಷೆಯ ದಿನ ದಹಿಸರ್‌ನಿಂದ ನಾನು ಬರುವ ಲೋಕಲ್ ರೈಲು ತಡವಾಯಿತು. ಗಡಿಬಿಡಿಯಲ್ಲಿ, ರೂಢಿಯಂತೆ, ಎಲ್ಲ ಫನಲ್‌ಗಳಿಗೂ ನೀರು ಚಿಮುಕಿಸಿ ಕಾಗದ ಅಂಟಿಸಿಬಿಟ್ಟೆ. ಬೆಳಗಾವಿ ಕಡೆಯ ಒಬ್ಬ ಹುಡುಗಿ ಮುಟ್ಟಿ ನೋಡಿದಳು.

"ಕಾಕಾ, ಪೇಪರ್ ಹಸಿ ಐತ್ರಿ. ಬ್ಯಾರೆ ಕೊಡ್ರಿ."

"ಅಷ್ಟಕ್ಕ ಏನಾಗ್ತೈತಿ ಬೇ? ಎಲ್ಲಾರೂ ಸುಮ್ಮ ಮಾಡಾಕತ್ತಾರ, ನಿಂದೊಂದು ಹೊಸಾ ಶಾಸ್ತ್ರ. ಹೋಗು, ಟೈಮ್ ಹೊಂಟೈತಿ."

ಎಲ್ಲರೂ ಸುಮ್ಮನೆ ಮಾಡುತ್ತಿದ್ದುದು ನಿಜ. ಹಳೆಯ ಲ್ಯಾಬ್ ಜರ್ನಲ್‌ಗಳ ರೀಡಿಂಗುಗಳನ್ನು ಬಾಯಿಪಾಠ ಮಾಡಿ ಬಂದಿದ್ದರು. ಅಳತೆಯ ಕೊಳವೆ, ಬ್ಯೂರೆಟ್, ತೋರಿಸಿದ್ದನ್ನು ಹಾಗೆಯೇ ಬರೆದವಳು ಅವಳೊಬ್ಬಳೇ. ಅವಳ ಗ್ರಾಫ್ ಎಲ್ಲೆಲ್ಲಿಗೋ ಹೋಯಿತು. ಪರೀಕ್ಷಕರು ಗದರಿದಾಗ ಕಾಗದ ಒದ್ದೆಯಿತ್ತೆಂದಳು. ಮೇಡಂ ನನ್ನತ್ತ ತಿರುಗಿ, ಒಣಗಿತ್ತಲ್ಲವೇ ಎಂದು ಹಿಂದಿಯಲ್ಲಿ ಕೇಳಿದರು.

"ಏಕದಮ್ ಸೂಖಾ ಥಾ, ಮೇಡಂ," ಎಂದೆ.

ಅವಳು ನಪಾಸಾದಳು. ಆಗ ನನಗೆ ಸಿಟ್ಟು ಬಂದದ್ದು ಅವಳ ಮೇಲೆಯೇ: ಉಳಿದವರಂತೆ ಬರೆದಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಆ ಸಿಟ್ಟು ಈಗ ನನ್ನ ಮೇಲೆ ತಿರುಗಿದೆ, ಇಳಿಯುವುದೇ ಇಲ್ಲ. ಕಾಗದ ಬದಲಿಸಲು ಒಂದು ನಿಮಿಷ ಸಾಕಿತ್ತು. ನಿಜ ಹೇಳಲು ಅಷ್ಟೂ ಬೇಕಿರಲಿಲ್ಲ.

ಆರು ತಿಂಗಳ ಮೇಲೆ ಅವಳು ಮತ್ತೆ ಅದೇ ಪರೀಕ್ಷೆಗೆ ಬಂದಳು. ಓವನ್‌ನಲ್ಲಿ ಒಣಗಿಸಿಟ್ಟ ಫನಲ್, ಹೊಸ ಡಬ್ಬಿಯ ಕಾಗದ, ಎರಡನ್ನೂ ಕೈಯಾರೆ ಕೊಟ್ಟೆ. ತಪ್ಪಾಯಿತೆನ್ನಬೇಕೆಂದುಕೊಂಡೇ ಬಂದಿದ್ದೆ. ಅವಳು ಕಾಗದವನ್ನು ಕೆನ್ನೆಗೆ ಒತ್ತಿ, ಒಣಗಿದೆಯೇ ಎಂದು ನೋಡಿಕೊಂಡಳು.

"ಥ್ಯಾಂಕ್ಸ್ ರಿ," ಎಂದಳು. ಈ ಸಲ ನನ್ನನ್ನು ಕಾಕಾ ಅನ್ನಲಿಲ್ಲ.