ಸ್ಮೂತ್ ಎಂದರೆ ಎಷ್ಟು ನುಣುಪು

ನನಗೊಂದು ಜಂಬವಿದೆ, ವಯಸ್ಸಾದರೂ ಹೋಗಿಲ್ಲ. ಯಾವ ಇಂಗ್ಲಿಷ್ ಪದ ಕೊಟ್ಟರೂ ಅದರ ನಾಲ್ಕು ದಾಯಾದಿಗಳನ್ನು ನಿಂತ ಕಾಲಲ್ಲೇ ಹೇಳಬಲ್ಲೆ. ಕಾನ್ವೆಂಟಿನ ಸಿಸ್ಟರ್ ಹತ್ತಿಸಿದ ಚಟ. ಒಂದೇ ಪದ ಎರಡು ಸಲ ಬಂದರೆ ಅವರು ಮುಖ ಸಿಂಡರಿಸುತ್ತಿದ್ದರು.

ಹೋದ ತಿಂಗಳು, ಚನ್ನಪಟ್ಟಣದ ನಮ್ಮ ಬೀದಿಯ ಶಮೀಮ್ ಬಂದಳು. ವರ್ಷಗಟ್ಟಲೆ ಬೇರೆಯವರ ಲೇಥಿನಲ್ಲಿ ಬೊಂಬೆ ಕಡೆದು, ಈಚೆಗೆ ಸ್ವಂತದ್ದೊಂದು ಹಾಕಿಕೊಂಡವಳು. ಹೊರದೇಶದ ಆಟಿಕೆ ಅಂಗಡಿಯೊಂದಕ್ಕೆ ಕಳಿಸಿದ ಅವಳ ಮೊದಲ ಸ್ಯಾಂಪಲ್ ಒರಟು ಎಂದು ವಾಪಸ್ ಬಂದಿತ್ತು. ಈ ಸಲವೂ ಬಂದರೆ ಲೇಥ್ ಮಾರಿ ಮತ್ತೆ ಕೂಲಿಗೇ ಹೋಗಬೇಕು. ಅವರು ಕೇಳಿದ ಆರು ಮರದ ಗಿಲಕಿಗಳ ಜೊತೆ ಇಡುವ ಚೀಟಿಗೆ ಒಂದು ಸಾಲು ಇಂಗ್ಲಿಷ್ ಬೇಕಿತ್ತು. ಎಷ್ಟು ನುಣುಪು ಅಂತ ಓದಿದವರಿಗೆ ಗೊತ್ತಾದರೆ ಸಾಕು.

ನನ್ನ ನಾಲಿಗೆ ತುರಿಸಿತು. ಸ್ಮೂತ್ ಅನ್ನೋಣವೆಂದರೆ, ಪಾಪ, ಆ ಪದ ಸವೆದುಹೋಗಿದೆ. ಕುದೂರು ಬಸ್ಸಿನ ಡ್ರೈವರಿಗೆ ಗೇರೂ ಸ್ಮೂತು, ಮದುವೆ ದಲ್ಲಾಳಿಯ ಮಾತೂ ಸ್ಮೂತು. ಹಾಗಾಗಿ ಸ್ಲೀಕ್, ಗ್ಲಾಸಿ, ಪಾಲಿಶ್ಡ್, ವೆಲ್ವೆಟಿ, ರೇಷ್ಮೆಯೂರು ರಾಮನಗರದ ಮರ್ಯಾದೆಗೆ ಸಿಲ್ಕನ್ ಎಂದು ಸಾಲಾಗಿ ಬರೆದು, ಒಂದೊಂದನ್ನೂ ವಿವರಿಸಿದೆ. ಶಮೀಮ್ ತಾಳ್ಮೆಯಿಂದ ಕೇಳಿಸಿಕೊಂಡಳು.

"ಇದ್ರಲ್ಲಿ ಯಾವ್ದು ಟೀಚರಮ್ಮ, ಕೂಸು ಬಾಯಿಗಿಟ್ಕಂಡ್ರೂ ಏನೂ ಆಗಕಿಲ್ಲ ಅನ್ನೋದು?"

ಯಾವುದೂ ಅಲ್ಲ.

ಅವಳು ಗಿಲಕಿಗಳನ್ನು ಹೊರತೆಗೆದಳು. ಅರಗಿನ ಬಣ್ಣ ಹಚ್ಚಿ, ಒಣ ತಾಳೆಗರಿಯಲ್ಲಿ ಉಜ್ಜಿದವು. ನನ್ನ ಬೆರಳಿಗೆ ಎಲ್ಲವೂ ಗಾಜಿನಂತೆಯೇ ಇದ್ದವು. ಅವಳು ಕಣ್ಣು ಮುಚ್ಚಿ ಒಂದೊಂದನ್ನೇ ಕೆಳತುಟಿಯ ಮೇಲೆ ಎಳೆದಳು. ಕೆಲಸ ಮಾಡಿ ಗಡುಸಾದ ಬೆರಳನ್ನು ನಂಬಬಾರದಂತೆ. ಆರನೆಯದಕ್ಕೆ ನಿಂತಳು.

"ಇಲ್ಲಿ ಒಸಿ ತರಿ ಐತೆ."

ನಾನೂ ತುಟಿಗೆ ತಾಗಿಸಿದೆ. ಬಹಳ ಹುಡುಕಿದ ಮೇಲೆ ಸಿಕ್ಕಿತು, ಕೂದಲೆಳೆಯಷ್ಟು. ಇಷ್ಟು ದಪ್ಪ ಡಿಕ್ಷನರಿಗಳನ್ನು ತಿರುವಿದವಳಿಗೆ ಇಷ್ಟು ಸಣ್ಣದೊಂದು ವ್ಯತ್ಯಾಸ ಯಾವತ್ತೂ ತಾಗಿರಲಿಲ್ಲ. ಪಾರ್ಸಲ್ ಅಂದೇ ಹೋಗಬೇಕಿತ್ತು, ಮತ್ತೆ ಉಜ್ಜಲು ಹೊತ್ತಿರಲಿಲ್ಲ. ಆರು ಕೇಳಿದವರು ಐದಕ್ಕೆ ಏನನ್ನುತ್ತಾರೋ ಎಂಬ ಭಯ ನನಗಿತ್ತು, ಅವಳಿಗೆ ಇನ್ನೂ ಹೆಚ್ಚು. ಆದರೂ ಆ ಗಿಲಕಿ ಡಬ್ಬಿಯೊಳಕ್ಕೆ ಹೋಗಲಿಲ್ಲ.

ಪಟ್ಟಿ ಹರಿದು ಹಾಕಿ, ಚೀಟಿಯಲ್ಲಿ ಸರಳ ಇಂಗ್ಲಿಷಿನಲ್ಲಿ ಬರೆದೆ: ಮಾಡಿದವಳು ಇವನ್ನು ಒಂದೊಂದಾಗಿ ತನ್ನ ತುಟಿಗೆ ತಾಗಿಸಿ ನೋಡಿದ್ದಾಳೆ, ಆರನೆಯದನ್ನು ತುಟಿ ಒಪ್ಪಲಿಲ್ಲ. ಕಾನ್ವೆಂಟಿನ ಬುದ್ಧಿ ಬಿಡಬೇಕಲ್ಲ, ಆಮೇಲೆ ಚೆನ್ನಾಗಿ ಒರೆಸಿದ್ದಾಳೆ ಎಂದೂ ಸೇರಿಸಿದೆ.

ಅಂಗಡಿಯವರ ಉತ್ತರ ಎರಡೇ ಸಾಲು ಬಂತು. ಐದೂ ಒಪ್ಪಿಗೆ. ಆರನೆಯದನ್ನು ತುಟಿ ಒಪ್ಪಿದಾಗ ಕಳಿಸಿ.

ಓದಿ ಹೇಳಲು ಹೋದರೆ ಶಮೀಮ್ ಲೇಥಿನ ಮುಂದಿದ್ದಳು. ಕೇಳಿದವಳೇ ಆರನೆಯ ಗಿಲಕಿಯನ್ನು ಲೇಥಿಗೆ ಸಿಕ್ಕಿಸಿ, ಹೊಸ ತಾಳೆಗರಿಯೊಂದನ್ನು ಎಳೆದುಕೊಂಡಳು.